ಹಗ್ಗ ಮುಟ್ಟದ ಎರಡು ದಿನ

ಮದುವೆಯಾಗಿ ಇಪ್ಪತ್ನಾಲ್ಕು ವರ್ಷಕ್ಕೆ ಹೆಂಡತಿ ಒಂದೇ ಒಂದು ವರ ಕೇಳಿದಳು. ಕಂಬಣ್ಣ ಅದನ್ನೂ ಕೆಡಿಸಿದ. ಕೆಡಿಸಬೇಕೆಂದು ಕೆಡಿಸಿದ್ದಲ್ಲ, ಪಾಪ. ಒಳ್ಳೆಯದು ಮಾಡಲು ಹೊರಟಾಗಲೇ ಎಡವುವುದು ಅವನ ಜಾಯಮಾನ.

ಕಂಬಣ್ಣ ಅನ್ನುವುದು ತಂದೆತಾಯಿ ಇಟ್ಟ ಹೆಸರಲ್ಲ, ಊರು ಇಟ್ಟದ್ದು. ಶಾಮಿಯಾನ ಬಾಡಿಗೆಗೆ ಕೊಡುವುದು ಅವನ ಕಸುಬು. ಮದುವೆಯಾಗಲಿ, ಉದ್ಘಾಟನೆಯಾಗಲಿ, ಸನ್ಮಾನವಾಗಲಿ, ಎಲ್ಲರಿಗಿಂತ ಮುಂಚೆ ಬಂದು ಎಲ್ಲರೂ ಹೋದ ಮೇಲೆ ಹೋಗುವವನು ಅವನು. ಹೆಂಡತಿ ಅವನ ಜೊತೆ ಸರಿಸಮನಾಗಿ ದುಡಿದವಳು. ಹರಿದ ಬಟ್ಟೆ ಹೊಲಿಯುವುದು, ಫೋನ್ ಎತ್ತುವುದು, ಲಾರಿಗೆ ಸಾಮಾನು ಹಾಕಿಸುವುದು ಎಲ್ಲ ಅವಳದೇ. ಅವಳು ನೋಡಿದಷ್ಟು ಮದುವೆಗಳನ್ನು ಊರಿನಲ್ಲಿ ಇನ್ನೊಬ್ಬರು ನೋಡಿರಲಿಕ್ಕಿಲ್ಲ. ಆದರೆ ನೋಡಿದ್ದೆಲ್ಲ ಬಟ್ಟೆಯ ಆಚೆ ಬದಿಯಿಂದ. ಅವರ ಸ್ವಂತ ಮದುವೆಯ ದಿನವೇ ಕಂಬಣ್ಣ ಮಧ್ಯದಲ್ಲಿ ಎದ್ದುಹೋಗಿ ಸಡಿಲವಾಗಿದ್ದ ಹಗ್ಗವೊಂದನ್ನು ಬಿಗಿದು ಬಂದಿದ್ದ. ಫೋಟೋದವನು ಅದೇ ಹೊತ್ತಿಗೆ ಗುಂಡಿ ಒತ್ತಿದ್ದ. ಆ ಫೋಟೋ ಇನ್ನೂ ಮನೆಯ ಗೋಡೆಯ ಮೇಲಿದೆ: ಮದುಮಗಳು ಒಬ್ಬಳೇ, ಪಕ್ಕದಲ್ಲಿ ಖಾಲಿ ಜಾಗ.

"ನಂಗೆ ಎರಡು ದಿನ ಅತಿಥಿ ಆಗ್ಬೇಕು ರೀ," ಎಂದು ಅವಳು ಒಂದು ದಿನ ಹೇಳಿದಳು. "ಎಲ್ಲಾದ್ರೂ ಸಮುದ್ರದ ಹತ್ತಿರ. ಯಾರೋ ಕರೀಬೇಕು, ಯಾರೋ ಬಡಿಸ್ಬೇಕು, ನಾನು ಸುಮ್ನೆ ಕೂತಿರ್ಬೇಕು. ನಾವು ಶಾಮಿಯಾನದವರು ಅಂತ ಮಾತ್ರ ಯಾರಿಗೂ ಗೊತ್ತಾಗ್ಬಾರ್ದು. ಗೊತ್ತಾಯ್ತೋ, 'ಸ್ವಲ್ಪ ಈ ಕಂಬ ನೋಡಿ' ಅಂತಾರೆ, ನೀವು ಎದ್ದು ಹೋಗ್ತೀರಿ."

"ಹೋಗಲ್ಲ."

"ಎರಡು ದಿನ ಹಗ್ಗ ಮುಟ್ಟಲ್ಲ ಅಂತ ಮಾತು ಕೊಡಿ."

"ಕೊಟ್ಟೆ."

"ಮುಟ್ಟಿದ್ರೆ ಅಲ್ಲಿಂದಲೇ ನಾನು ಅಕ್ಕನ ಮನೆಗೆ. ಯಾವಾಗ ಬರ್ತೀಯ ಅಂತ ಕೇಳ್ಬೇಡಿ. ಅಂಗಡಿ ನೀವೂ ನಿಮ್ಮ ಬಾಮೈದನೂ ನೋಡ್ಕೊಳ್ಳಿ."

ಬಾಮೈದ ಎಂದರೆ ಅವಳ ಸ್ವಂತ ತಮ್ಮನೇ. ಒಳ್ಳೆಯ ಕೆಲಸ ಮಾಡಿದ ದಿನ ಅವನು 'ನನ್ನ ತಮ್ಮ', ಉಳಿದ ದಿನ 'ನಿಮ್ಮ ಬಾಮೈದ'. ವರ್ಷದಲ್ಲಿ ಮುನ್ನೂರ ಅರವತ್ತು ದಿನ ಅವನು ಬಾಮೈದನಾಗಿಯೇ ಇರುತ್ತಿದ್ದ. ನಲವತ್ತು ದಾಟಿದ ಈ ಮಹಾಶಯನಿಗೆ ಅಂಗಡಿಯಲ್ಲಿ 'ಆಮೇಲೆ' ಎಂದು ಅಡ್ಡಹೆಸರು. ಯಾವ ಕೆಲಸ ಹೇಳಿದರೂ ಅವನ ಬಾಯಿಂದ ಮೊದಲು ಬರುವ ಮಾತು ಅದು. ಇಂಥವನ ಜೊತೆ ಅಂಗಡಿ ನಡೆಸುವುದನ್ನು ನೆನೆಸಿಕೊಂಡು ಕಂಬಣ್ಣನ ಎದೆ ಧಸಕ್ಕೆಂದಿತು. ಹೆಂಡತಿ ಬೆದರಿಸಲು ಆಡುವ ಮಾತು ಯಾವುದು, ಆಡಿದಂತೆ ಮಾಡುವ ಮಾತು ಯಾವುದು ಎಂದು ತಿಳಿಯದಷ್ಟು ಹೊಸ ಗಂಡನೇನೂ ಅಲ್ಲ ಅವನು. ಇದು ಎರಡನೆಯ ಜಾತಿಯದು.

ಫೋನಿನಲ್ಲಿ ಹುಡುಕಿ ಹುಡುಕಿ ಕಂಬಣ್ಣ ಒಂದು ಜಾಗ ಹಿಡಿದ. ಸಮುದ್ರ ತೀರ, ಪಕ್ಕದಲ್ಲೇ ರಾಷ್ಟ್ರೀಯ ಉದ್ಯಾನದ ಕಾಡು. ಫೋಟೋದಲ್ಲಿ ಅಗಲವಾದ ಮಂಚ, ತೂಗುದೀಪ, ಹಿತ್ತಾಳೆ ಕಾಲಿನ ಸ್ನಾನದ ತೊಟ್ಟಿ, ತೆರೆದ ಬಾಗಿಲಿನಾಚೆ ನೀಲಿ ನೀರು. ಕಣ್ಣು ಮುಚ್ಚಿಕೊಂಡು ಬುಕ್ ಮಾಡಿದ. ಫೋಟೋಗಳನ್ನೆಲ್ಲ ಒಳಗೆ ನಿಂತು ತೆಗೆದಿದ್ದರು ಎಂಬುದು ಶನಿವಾರ ಮಧ್ಯಾಹ್ನ ಅಲ್ಲಿ ಇಳಿದ ಮೇಲೆ ತಿಳಿಯಿತು.

ಹೊರಗಿನಿಂದ ನೋಡಿದರೆ ಅದು ಟೆಂಟು.

ಹೆಂಡತಿ ಟೆಂಟನ್ನು ಕೆಳಗಿನಿಂದ ಮೇಲಕ್ಕೆ ನೋಡಿದಳು, ಮೇಲಿನಿಂದ ಕೆಳಕ್ಕೆ ನೋಡಿದಳು, ಆಮೇಲೆ ಗಂಡನನ್ನು ನೋಡಿದಳು.

"ಮನೇಲಿ ನಲವತ್ತು ಇತ್ತಲ್ಲ ರೀ," ಅಂದಳು. "ಹಿತ್ತಲಲ್ಲಿ ಒಂದು ಹಾಕಿದ್ರೆ ಆಗ್ತಿರ್ಲಿಲ್ವಾ?"

ಕಂಬಣ್ಣ ಇಂಗು ತಿಂದ ಮಂಗನಂತೆ ನಿಂತ. ಪುಣ್ಯಕ್ಕೆ ಅಷ್ಟರಲ್ಲಿ ಮ್ಯಾನೇಜರ್ ಓಡಿಬಂದ. ಈ ಮ್ಯಾನೇಜರ್ ಯಾವುದನ್ನೂ ಅದರ ಹೆಸರಿನಿಂದ ಕರೆಯುತ್ತಿರಲಿಲ್ಲ. "ಇದು ಟೆಂಟ್ ಅಲ್ಲ ಮೇಡಂ, ಟೆಂಟಿನ ಅನುಭವ," ಎಂದ. ಮಂಚ ತೋರಿಸಿ "ನಿದ್ರೆಯ ಅನುಭವ" ಎಂದ. ಕಾಫಿ ತಂದುಕೊಟ್ಟು "ಸ್ವಾಗತದ ಅನುಭವ" ಎಂದ. ಆದರೆ ಆ ಕಾಫಿಯನ್ನು ಅವನು ಎರಡೂ ಕೈಯಲ್ಲಿ ಹಿಡಿದು, ಸ್ವಲ್ಪ ಬಾಗಿ, ಮೊದಲು ಹೆಂಡತಿಗೆ ಕೊಟ್ಟ. ಅವಳ ಮುಖ ಸಡಿಲವಾಯಿತು. ಬಟ್ಟೆಯ ಈಚೆ ಬದಿಯಲ್ಲಿ ಕೂತು ಕಾಫಿ ಕುಡಿಯುವುದು ಅವಳಿಗೆ ನಿಜಕ್ಕೂ ಹೊಸ ಅನುಭವವೇ ಆಗಿತ್ತು.

ಮ್ಯಾನೇಜರ್ ರಿಜಿಸ್ಟರ್ ತೆಗೆದ. "ಸಾರ್, ತಮ್ಮ ವೃತ್ತಿ?"

ಕಂಬಣ್ಣ 'ಶಾ' ಎಂದು ಬಾಯಿ ತೆರೆದಿದ್ದ. ಹೆಂಡತಿ ನಡುವೆ ನುಗ್ಗಿದಳು.

"ಉದ್ಯಮಿ," ಅಂದಳು. "ಅವರು ಉದ್ಯಮಿ."

ಮ್ಯಾನೇಜರನ ಬೆನ್ನು ಇನ್ನೂ ನಾಲ್ಕು ಬೆರಳು ಬಾಗಿತು. ಕಂಬಣ್ಣ ಹಿಂದೆ ಯಾರಾದರೂ ನಿಂತಿದ್ದಾರೋ ಎಂದು ತಿರುಗಿ ನೋಡಿದ.

ಇಷ್ಟಕ್ಕೇ ನಿಂತಿದ್ದರೆ ಕಥೆಯೇ ಇರುತ್ತಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಸಮುದ್ರದ ಗಾಳಿಗಂತೂ ಅದು ಹೋಗುವುದೇ ಇಲ್ಲ. ಬೇರೆಯವರು ಬಯಲು ನೋಡಿದರೆ ಬಯಲು ಕಾಣುತ್ತದೆ. ಕಂಬಣ್ಣನಿಗೆ ಕುರ್ಚಿಗಳು ಕಾಣುತ್ತವೆ. ಸಾಯಂಕಾಲ ಇಬ್ಬರೂ ತಿರುಗಾಡಲು ಹೊರಟರು. ಟೆಂಟುಗಳಿಗೂ ಕಾಡಿನ ಬೇಲಿಗೂ ನಡುವೆ ಒಂದು ಬಯಲು, ಅದರ ಮಧ್ಯದಲ್ಲಿ ಒಂದು ಹಳೆಯ ಮರ. ಅವನಿಗೆ ಗೊತ್ತಿಲ್ಲದೆಯೇ ಅವನ ಕಾಲು ಹೆಜ್ಜೆ ಎಣಿಸತೊಡಗಿತು. ಹಿಮ್ಮಡಿಯಿಂದ ನೆಲ ಒತ್ತಿ ಮಣ್ಣಿನ ಗಟ್ಟಿತನ ನೋಡಿತು. ಬೆರಳು ತಾನಾಗಿಯೇ ಎಂಜಲಾಗಿ ಮೇಲಕ್ಕೆದ್ದು ಗಾಳಿಯ ದಿಕ್ಕು ನೋಡಿತು.

"ಎಷ್ಟು ಚೆನ್ನಾಗಿದೆ ಅಲ್ವಾ ಈ ಜಾಗ," ಅಂದಳು ಹೆಂಡತಿ, ಮುಳುಗುವ ಸೂರ್ಯನನ್ನು ನೋಡುತ್ತ.

"ಬಹಳ ಚೆನ್ನಾಗಿದೆ. ಆರಾಮಾಗಿ ಐನೂರು ಹಿಡಿಯುತ್ತೆ."

"ಏನು?"

"ಏನಿಲ್ಲ. ಆ ಮರ ಒಂದು ಅಡ್ಡ. ಅದು ಇಲ್ದಿದ್ರೆ ಆರುನೂರು."

ಹತ್ತು ಹೆಜ್ಜೆಯಾಚೆ ಪೊದೆಯ ಹಿಂದೆ ಒಬ್ಬರು ನಿವೃತ್ತ ಹೆಡ್‌ಮಾಸ್ಟರು ದುರ್ಬೀನು ಹಿಡಿದು ಕೂತಿದ್ದರು. ಹತ್ತಿರದ ಪಟ್ಟಣದವರು. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದಾಗ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿ ಅವರಿಗೂ ಅವರ ಹೆಂಡತಿಗೂ ಇಲ್ಲಿ ಎರಡು ರಾತ್ರಿಯ ವಾಸ್ತವ್ಯವನ್ನು ಉಡುಗೊರೆಯಾಗಿ ಕೊಟ್ಟಿದ್ದರು. ಮೇಷ್ಟ್ರಿಗೆ ಹಕ್ಕಿ ಎಂದರೆ ಪ್ರಾಣ. ಆ ಸಾಯಂಕಾಲ ಅವರು ಒಂದು ಹಕ್ಕಿಯನ್ನು ಹುಡುಕುತ್ತಿದ್ದರು, ದುರ್ಬೀನಿಗೆ ಉದ್ಯಮಿ ಸಿಕ್ಕಿಬಿದ್ದ. ಮರ ಅಡ್ಡ ಎಂಬ ಮಾತು ಕಿವಿಗೆ ಬಿದ್ದದ್ದೇ ಅವರು ದಡಕ್ಕನೆ ಎದ್ದರು, ಇದ್ದ ಒಂದು ಹಕ್ಕಿಯೂ ಹಾರಿಹೋಯಿತು.

ಮೇಷ್ಟ್ರು ನೇರ ಮ್ಯಾನೇಜರನ ಬಳಿಗೆ ಹೋಗಿ ಅದು ಯಾರೆಂದು ಕೇಳಿದರು. ಉದ್ಯಮಿ, ಬಹಳ ದೊಡ್ಡ ಉದ್ಯಮಿ, ಎಂದ ಮ್ಯಾನೇಜರ್. ದೊಡ್ಡ ಎಂಬುದನ್ನು ಅವನು ಸ್ವಂತ ಕೈಯಿಂದ ಸೇರಿಸಿದ್ದು. ಐನೂರು ರೂಮಿನ ಹೋಟೆಲು, ಮರ ಕಡಿದರೆ ಆರುನೂರು ಎಂದು ಮೇಷ್ಟ್ರು ಮನಸ್ಸಿನಲ್ಲೇ ಲೆಕ್ಕ ಮುಗಿಸಿದರು.

ಭಾನುವಾರ ಬೆಳಿಗ್ಗೆ ಕಂಬಣ್ಣ ದಂಪತಿ ತಿಂಡಿಗೆ ಕೂತಿದ್ದಾಗ, ಮೇಷ್ಟ್ರು ಹೇಳಿಕಳಿಸಿದ್ದ ಕಾಡಿನ ರೇಂಜರು ಬಂದರು. ಸೌಮ್ಯ ಮನುಷ್ಯ. ಟೋಪಿ ತೆಗೆದು ಎದುರಿನ ಕುರ್ಚಿಯಲ್ಲಿ ಕೂತರು, ಮಾತಿಗೆ ಮುಂಚೆ ಎರಡು ಸಲ ಕೆಮ್ಮಿದರು.

"ತಾವು ಉದ್ಯಮಿಗಳಂತೆ."

ಕಂಬಣ್ಣ ಹೆಂಡತಿಯ ಮುಖ ನೋಡಿದ. "ಹಾಗಂತಾರೆ."

"ಈ ಕಡೆ ಏನಾದ್ರೂ ಎಬ್ಬಿಸೋ ವಿಚಾರ ಇದೆಯಾ?"

"ಅಯ್ಯೋ, ಇಲ್ಲಪ್ಪ. ರಜಾಕ್ಕೆ ಬಂದಿರೋದು."

"ಇರ್ಲಿ, ಸುಮ್ನೆ ಕೇಳಿದೆ. ಸಾಮಾನ್ಯವಾಗಿ ಒಂದು ಕೆಲಸಕ್ಕೆ ಎಷ್ಟು ದಿನ ತಗೋತೀರಿ?"

ಕೆಲಸದ ವಿಷಯವನ್ನು ಇಷ್ಟು ಪ್ರೀತಿಯಿಂದ ಕಂಬಣ್ಣನನ್ನು ಯಾರೂ ಕೇಳಿರಲಿಲ್ಲ. ಅವನ ಮುಖ ಅರಳಿತು.

"ದಿನ ಎಲ್ಲಿ ಸಾರ್! ಸಾಯಂಕಾಲ ಜಾಗ ತೋರಿಸಿದ್ರೆ ಬೆಳಿಗ್ಗೆ ಹೊತ್ತಿಗೆ ನಿಂತಿರುತ್ತೆ."

"ಒಂದೇ ರಾತ್ರೀಲಿ?"

"ಜನ ಇದ್ರೆ ಅರ್ಧ ರಾತ್ರಿ ಸಾಕು."

"ಪರ್ಮಿಷನ್ನು?"

"ಅದೆಲ್ಲ ಪಾರ್ಟಿಯವರು ನೋಡ್ಕೋತಾರೆ. ನಾವು ಕೇಳೋಕೆ ಹೋಗಲ್ಲ. ನಡು ರಸ್ತೇಲೂ ಮಾಡಿದ್ದೀವಿ ಸಾರ್."

"ಯಾರೂ ತಡೀಲಿಲ್ವಾ?"

"ಪೊಲೀಸಿನವರೇ ಎದುರಿಗೆ ನಿಂತು ಮಾಡಿಸಿದ್ರು. ಮಂತ್ರಿಗಳ ಕಾರ್ಯಕ್ರಮ."

ರೇಂಜರು ಕಾಫಿ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. "ಆಮೇಲೆ?"

"ಆಮೇಲೇನು, ಗುಂಡಿ ಎಲ್ಲ ಮುಚ್ಚಿ, ಗುರುತೂ ಸಿಗದ ಹಾಗೆ ಮಾಡಿ ಬಂದುಬಿಡ್ತೀವಿ."

ಹೆಂಡತಿ ಮೇಜಿನ ಕೆಳಗೆ ಅವನ ಕಾಲನ್ನು ಬಲವಾಗಿ ತುಳಿದಳು. ಇನ್ನೊಂದು ಮಾತಾಡಿದರೆ ಗುಟ್ಟು ರಟ್ಟಾಗುತ್ತದೆ ಎಂದು ಅವಳ ಭಯ. ರೇಂಜರು ಕಂಡದ್ದು ಮಾತ್ರ ಬೇರೆ. ಹೆಂಡತಿಯೂ ಇದರಲ್ಲಿ ಶಾಮೀಲು ಎಂದುಕೊಂಡರು. ಟೋಪಿ ಹಾಕಿಕೊಂಡು, ನಮಸ್ಕಾರ ಹೇಳಿ, ನೇರ ಮೇಷ್ಟ್ರ ಟೆಂಟಿಗೆ ಹೋಗಿ, ಮಾತಾಡಿದ್ದಕ್ಕೆಲ್ಲ ಜೈಲಿಗೆ ಹಾಕಲು ಬರುವುದಿಲ್ಲ, ಜನ ಎಚ್ಚೆತ್ತುಕೊಂಡರೆ ಒಳ್ಳೆಯದು ಎಂದರು. ಮೇಷ್ಟ್ರು ಆಗಲೇ ಫೋನ್ ಹಿಡಿದಿದ್ದರು. ಪಟ್ಟಣದ ಅರ್ಧ ಜನ ಅವರ ಹಳೆಯ ವಿದ್ಯಾರ್ಥಿಗಳು. ಮೀನು ಮಾರುವವರು, ಬಸ್ ಕಂಡಕ್ಟರು, ಪೇಪರಿನವನು, ಎಲ್ಲರಿಗೂ ಒಂದೇ ಮಾತು: "ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರತಿಭಟನಾ ಸಭೆ. ಹಾಜರಿ ತಗೋತೀನಿ." ಐವತ್ತು ವಯಸ್ಸಿನವರೂ ಆ ಮಾತಿಗೆ ನೆಟ್ಟಗೆ ನಿಂತು ಹೂಂಗುಟ್ಟಿದರು.

ಇನ್ನೂರು ಜನ ಬಿಸಿಲಿನಲ್ಲಿ ಕೂರಬೇಡವೇ? ಶಾಮಿಯಾನ ಬೇಕು. ಆದರೆ ಮದುವೆಯ ಕಾಲ, ಎಲ್ಲಿ ಕೇಳಿದರೂ ಖಾಲಿ ಇಲ್ಲ. ಕೊನೆಗೆ ಎರಡು ಗಂಟೆ ದಾರಿಯ ಒಂದು ಊರಿನಲ್ಲಿ ಒಬ್ಬನ ಬಳಿ ಇದ್ದಬದ್ದ ಶಾಮಿಯಾನವೆಲ್ಲ ಹಾಗೇ ಇತ್ತು. ಮಾಲೀಕ ಹೆಂಡತಿ ಜೊತೆ ರಜಾಕ್ಕೆ ಹೋಗಿದ್ದನಂತೆ.

ಮಧ್ಯಾಹ್ನ ಕಂಬಣ್ಣನ ಜೇಬಿನಲ್ಲಿ ಫೋನು ಗುರ್‌ ಎಂದಿತು. ಬಾಮೈದ. ಹೆಂಡತಿ ಹೊರಗೆ ಆರಾಮ ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದಳು. ಕಂಬಣ್ಣ ಒಳಗೆ ನುಸುಳಿದ. ಆದರೆ ಗೋಡೆ ಬಟ್ಟೆಯದು. ಬಟ್ಟೆಯ ಗೋಡೆಗೆ ಕಿವಿ ಮಾತ್ರವಲ್ಲ, ಬಾಯಿಯೂ ಇರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸ್ನಾನದ ತೊಟ್ಟಿಯೊಳಗೆ ಇಳಿದು ಕೂತು, ಸದ್ದಿಗಿರಲಿ ಎಂದು ನಲ್ಲಿ ತಿರುಗಿಸಿ, ಪಿಸುಗುಟ್ಟಿದ.

"ಏನೋ?"

"ಭಾವ, ಆರ್ಡರ್ ಬಂದಿದೆ. ಇನ್ನೂರು ಕುರ್ಚಿ, ಒಂದು ವೇದಿಕೆ. ಒಪ್ಕೊಂಡುಬಿಟ್ಟೆ. ಯಾವನೋ ಕಳ್ಳ ಉದ್ಯಮಿ ಕಾಡಿನ ಪಕ್ಕ ಐನೂರು ರೂಮಿನ ಹೋಟೆಲ್ ಎಬ್ಬಿಸ್ತಾನಂತೆ, ಅವನ ವಿರುದ್ಧ ಸಭೆ."

"ಥೂ! ಎಂಥೆಂಥ ಜನ ಇರ್ತಾರಪ್ಪ," ಎಂದು ಕಂಬಣ್ಣ ಮನಸಾರೆ ಬೈದ. ಉದ್ಯಮಿ ಎಂಬ ಅಂಗಿಯನ್ನು ಅವನಿಗೆ ನಿನ್ನೆ ಹೆಂಡತಿ ತೊಡಿಸಿದ್ದಳು. ಒಂದು ರಾತ್ರಿ ಮಲಗಿ ಎದ್ದವನಿಗೆ ಅದು ಮರೆತೇಹೋಗಿತ್ತು. "ಎಲ್ಲಿ ಸಭೆ?"

ಬಾಮೈದ ವಿಳಾಸ ಓದಿದ. ಕಂಬಣ್ಣನ ಸೊಂಟದವರೆಗೆ ನೀರು ಬಂದಿತ್ತು, ಅದು ತಣ್ಣಗಿದೆ ಎಂದು ಆಗ ಗೊತ್ತಾಯಿತು. ಇಲ್ಲಿ! ಇದೇ ಬಯಲಿನಲ್ಲಿ! ಅವನ ಕಣ್ಣೆದುರು ಕಳ್ಳ ಉದ್ಯಮಿ ಬರಲಿಲ್ಲ, ಹೆಂಡತಿಯ ಅಕ್ಕನ ಮನೆ ಬಂತು. ರಜಾಕ್ಕೆಂದು ಕರೆತಂದು ಬೆನ್ನ ಹಿಂದೆ ಆರ್ಡರ್ ಹಿಡಿದಿದ್ದಾನೆ ಎಂದು ಅವಳು ಅಂದುಕೊಳ್ಳದೆ ಇರುತ್ತಾಳೆಯೇ?

"ಕೇಳು. ಕೆಲಸದವರನ್ನ ಕರ್ಕೊಂಡು ನೀನೇ ಬಂದು ಹಾಕು. ನನ್ನ ಕಡೆ ತಿರುಗಿ ನೋಡ್ಬೇಡ. ನಾನು ನಿನ್ನ ಭಾವ ಅಲ್ಲ, ಅವಳು ನಿನ್ನ ಅಕ್ಕ ಅಲ್ಲ. ತಿಳೀತಾ?"

"ಯಾಕೆ ಭಾವ, ಜಗಳ ಆಯ್ತಾ?"

"ಇನ್ನೂ ಇಲ್ಲ. ಗಂಟು ಸರಿಯಾಗಿ ಹಾಕು. ಸಮುದ್ರದ ಗಾಳಿ."

"ಹಾಕ್ತೀನಿ ಭಾವ. ಆಮೇಲೆ ಇನ್ನೊಂದ್ಸಲ ಬಿಗಿದ್ರಾಯ್ತು."

ಕಂಬಣ್ಣ ಹೊರಬಂದಾಗ ಪ್ಯಾಂಟಿನಿಂದ ನೀರು ಸುರಿಯುತ್ತಿತ್ತು. ಹೆಂಡತಿ ಕಣ್ಣರಳಿಸಿದಳು.

"ಇದೇನ್ರೀ, ಬಟ್ಟೆ ಹಾಕ್ಕೊಂಡೇ ಸ್ನಾನ ಮಾಡಿದ್ರಾ?"

"ಇದು ಸ್ನಾನ ಅಲ್ಲ ಕಣೇ," ಎಂದ ಕಂಬಣ್ಣ. "ಸ್ನಾನದ ಅನುಭವ."

ಸಾಯಂಕಾಲ ಮೇಷ್ಟ್ರು ಹೆಂಡತಿಯೊಂದಿಗೆ ಇವರ ಟೆಂಟಿಗೆ ಬಂದರು. ತರಗತಿಯಲ್ಲಿ ತಂಟೆಕೋರ ಸಿಕ್ಕಿದರೆ ಅವರು ಹೊರಗೆ ಹಾಕುತ್ತಿರಲಿಲ್ಲ, ಹೊಡೆಯುತ್ತಲೂ ಇರಲಿಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಿ ಎಲ್ಲರೆದುರು ಪ್ರಶ್ನೆ ಕೇಳುತ್ತಿದ್ದರು. ಮೂವತ್ತೈದು ವರ್ಷ ಫಲ ಕೊಟ್ಟ ಉಪಾಯ. ಉದ್ಯಮಿಗೂ ಅದೇ ಆಗಬೇಕು ಎಂದು ತೀರ್ಮಾನಿಸಿದ್ದರು.

"ನಾಳೆ ಬೆಳಿಗ್ಗೆ ಇಲ್ಲೇ ಒಂದು ಸಭೆ ಇದೆ. ತಾವಿಬ್ಬರೂ ಬರಲೇಬೇಕು," ಎಂದರು ಕಂಬಣ್ಣನ ಹೆಂಡತಿಯ ಕಡೆ ನೋಡಿ. ಮೇಷ್ಟ್ರ ಹೆಂಡತಿ ಮುಂದುವರಿಸಿದರು, "ಮೊದಲನೇ ಸಾಲಿನಲ್ಲಿ ನಿಮಗೋಸ್ಕರ ಎರಡು ಕುರ್ಚಿ ತೆಗೆದಿಟ್ಟಿರ್ತೀವಿ. ಮರೀಬೇಡಿ."

ಅವರು ಹೋದ ಮೇಲೂ ಅವಳು ಬಾಗಿಲಲ್ಲೇ ನಿಂತಿದ್ದಳು. ತಿರುಗಿದಾಗ ಕಣ್ಣು ಒದ್ದೆಯಾಗಿತ್ತು.

"ಮೊದಲನೇ ಸಾಲು ರೀ," ಅಂದಳು. "ನಾವು ಯಾರು ಎತ್ತ ಅಂತ ಗೊತ್ತಿಲ್ಲ, ಮನೆ ಬಾಗಿಲಿಗೆ ಬಂದು ಕರೆದ್ರು. ನನ್ನನ್ನ ಯಾರೂ ಹೀಗೆ ಕರೆದೇ ಇರ್ಲಿಲ್ಲ."

ಅವಳು ಅಷ್ಟು ಸಂತೋಷಪಟ್ಟದ್ದನ್ನು ಕಂಬಣ್ಣ ಎಷ್ಟೋ ವರ್ಷದಿಂದ ನೋಡಿರಲಿಲ್ಲ. ನೋಡಿ ಅವನಿಗೂ ಸಂತೋಷವಾಯಿತು. ಅದರ ಬೆನ್ನಿಗೇ ಲಾರಿ, ಬಾಮೈದ, ತಮ್ಮದೇ ಬಟ್ಟೆ ನೆನಪಾಗಿ ಹೊಟ್ಟೆ ಹಿಡಿದುಕೊಂಡ.

"ನಂಗ್ಯಾಕೋ ಹೊಟ್ಟೆ ಸರಿ ಇಲ್ಲ. ನಾಳೆ ಮಲಗಿರ್ತೀನಿ."

"ಮಲಗಿ. ನಾನೊಬ್ಬಳೇ ಹೋಗಿ ಕೂರ್ತೀನಿ, ಪಕ್ಕದಲ್ಲಿ ಖಾಲಿ ಜಾಗ ಇಟ್ಕೊಂಡು," ಎಂದಳು. "ಅಭ್ಯಾಸ ಇದೆ."

ಕಂಬಣ್ಣನ ಹೊಟ್ಟೆ ಆ ಕ್ಷಣವೇ ಸರಿಹೋಯಿತು.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷ. ಹೆಂಡತಿ ಇದ್ದುದರಲ್ಲೇ ಒಳ್ಳೆಯ ಉಡುಪು ತೊಟ್ಟು, ತಲೆ ಎತ್ತಿಕೊಂಡು, ಗಂಡನ ಪಕ್ಕದಲ್ಲಿ ಬಯಲಿಗೆ ನಡೆದಳು. ಶಾಮಿಯಾನ ಕಾಣಿಸಿದ ಕೂಡಲೇ ಅವಳ ಹೆಜ್ಜೆ ನಿಂತಿತು. ಕೆಂಪು ಹಳದಿ ಪಟ್ಟೆ. ಎಡ ಮೂಲೆಯಲ್ಲಿ ಕಳೆದ ತಿಂಗಳು ಅವಳೇ ಕೂತು ಹಾಕಿದ ತೇಪೆ. ಅಷ್ಟರಲ್ಲಿ ಸ್ವಂತ ತಮ್ಮ ಎದುರಿಗೆ ಬಂದು, ಹುಟ್ಟಿದಾಗಿನಿಂದ ಅವಳ ಮುಖವನ್ನೇ ನೋಡದವನ ಹಾಗೆ ಕೈ ಮುಗಿದ.

"ನಮಸ್ಕಾರ ಮೇಡಂ. ಈ ಕಡೆ ಬನ್ನಿ. ತಾವು ಯಾವ ಊರಿನವರೋ?"

ಹೆಂಡತಿ ಗಂಡನ ಕಡೆ ತಿರುಗಿದಳು. ಕಂಬಣ್ಣ ಎರಡೂ ಕೈಯನ್ನು ಜೇಬಿಗೆ ತುರುಕಿದ.

"ಹಗ್ಗ ಮುಟ್ಟಿದ್ರಾ?" ಎಂದು ತಗ್ಗಿದ ದನಿಯಲ್ಲಿ ಕೇಳಿದಳು.

"ಇಲ್ಲ. ಆಣೆಗೂ ಇಲ್ಲ. ಇವನೇ ಒಪ್ಕೊಂಡಿದ್ದು."

"ಹನ್ನೆರಡು ಗಂಟೆಗೆ ಎರಡು ದಿನ ಮುಗಿಯುತ್ತೆ. ಅಲ್ಲೀವರೆಗೂ ಮುಟ್ಬೇಡಿ." ಅವಳು ನೇರವಾಗಿ ನಡೆದು ಮೊದಲನೆಯ ಸಾಲಿನ ಕುರ್ಚಿಯಲ್ಲಿ ಕೂತಳು. ಪಕ್ಕದ ಕುರ್ಚಿಯನ್ನು ತಟ್ಟಿದಳು. ಕಂಬಣ್ಣ ಕೂತ.

ಮೇಷ್ಟ್ರು ಮೊದಲು ಹಾಜರಿ ತೆಗೆದುಕೊಂಡರು. ಒಬ್ಬ ಲಾರಿ ಮಾಲೀಕ ತಡವಾಗಿ ಬಂದದ್ದಕ್ಕೆ ಐದು ನಿಮಿಷ ನಿಲ್ಲಬೇಕಾಯಿತು. ಆಮೇಲೆ ಭಾಷಣ ಶುರುವಾಯಿತು. ಕಾಡು, ಕಡಲು, ಹಕ್ಕಿ, ಮೊಟ್ಟೆ, ಮನುಷ್ಯನ ದುರಾಸೆ. ಒಳ್ಳೆಯ ಭಾಷಣವೇ. ಕಂಬಣ್ಣನ ಕಿವಿಗೆ ಅದರಲ್ಲಿ ಒಂದಕ್ಷರವೂ ಇಳಿಯಲಿಲ್ಲ. ಅವನ ಕಣ್ಣು ವೇದಿಕೆಯ ಬಲಗಡೆಯ ಮುಖ್ಯ ಹಗ್ಗದ ಮೇಲೆ ನೆಟ್ಟಿತ್ತು. ಬಾಮೈದ ಅದಕ್ಕೆ ಬೂಟಿನ ಲಾಡಿಗೆ ಹಾಕುವ ಗಂಟು ಹಾಕಿದ್ದ. ಎರಡು ಕಿವಿ ಇರುವ, ಚೆಂದದ ಗಂಟು.

ಸಮುದ್ರದ ಕಡೆಯಿಂದ ಗಾಳಿ ಬಂತು. ಗಂಟಿನ ಒಂದು ಕಿವಿ ಚಿಕ್ಕದಾಯಿತು.

ಕಂಬಣ್ಣನ ಕೈ ಏಳಲು ಹೋಯಿತು. ಹೆಂಡತಿ ತನ್ನ ಕೈಯನ್ನು ಅದರ ಮೇಲಿಟ್ಟು ಅದುಮಿದಳು. ಅವಳ ದೃಷ್ಟಿ ಮೇಷ್ಟ್ರ ಮೇಲಿತ್ತು, ಮುಖದಲ್ಲಿ ಮಂದಹಾಸ. ಮತ್ತೆ ಗಾಳಿ. ಇನ್ನೊಂದು ಕಿವಿಯೂ ಜಾರತೊಡಗಿತು. ಕಂಬಣ್ಣ ಬೆವರಿದ.

"ಬಂಧುಗಳೇ," ಮೇಷ್ಟ್ರ ದನಿ ಏರಿತು, "ಆ ಉದ್ಯಮಿ ಬೇರೆಲ್ಲೂ ಇಲ್ಲ. ಈ ಸಭೆಯಲ್ಲೇ ಇದ್ದಾನೆ. ಮೊದಲನೇ ಸಾಲಿನಲ್ಲೇ ಇದ್ದಾನೆ!"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಕಂಬಣ್ಣ ಅದನ್ನೂ ಮಾಡಲಿಲ್ಲ. ಎಲ್ಲರ ಜೊತೆ ಅವನೂ ಎಡಕ್ಕೆ ಬಲಕ್ಕೆ ತಿರುಗಿ ಆ ಪಾಪಿ ಯಾರೆಂದು ಹುಡುಕಿದ. ನೋಡಿದರೆ ಮೇಷ್ಟ್ರ ಬೆರಳು ಅವನ ಮೂಗಿನ ನೇರಕ್ಕೆ ನಿಂತಿತ್ತು.

"ನೀವೇ ಸ್ವಾಮಿ! ಎದ್ದು ನಿಲ್ಲಿ! ಈ ಬಯಲಿನಲ್ಲಿ ಐನೂರು ಹಿಡಿಯುತ್ತೆ ಅಂದ್ರೋ ಇಲ್ವೋ?"

ಕಂಬಣ್ಣ ಎದ್ದು ನಿಂತ. "ಅಂದೆ."

ಸಭೆ ಗುಜುಗುಜು ಎಂದಿತು.

"ಮರ ಅಡ್ಡ ಅಂದ್ರೋ ಇಲ್ವೋ?"

"ಅಂದೆ. ಆದ್ರೆ ಮೇಷ್ಟ್ರೇ..." ಗಂಟಿನಲ್ಲಿ ಇನ್ನು ಅರ್ಧ ಕಿವಿ ಉಳಿದಿತ್ತು. "ನೀವು ಮೊದಲು ಅಲ್ಲಿಂದ ಕೆಳಗಿಳಿದುಬಿಡಿ."

"ಕೇಳಿದ್ರಾ ಬಂಧುಗಳೇ! ನನ್ನನ್ನು ಕೆಳಗಿಳಿಸ್ತಾರಂತೆ!"

"ಇಳಿಸೋದಲ್ಲ, ಇಳೀರಿ ಅಂದೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದ್ದೀನಿ!"

"ಬೆದರಿಕೆ! ಇನ್ನೂರು ಜನರ ಎದುರಿಗೆ ಬೆದರಿಕೆ!"

ಹಗ್ಗ ಬಿಟ್ಟುಕೊಂಡಿತು. ಶಾಮಿಯಾನ ಒಮ್ಮೆ ಉಬ್ಬಿ, ದೊಡ್ಡದೊಂದು ನಿಟ್ಟುಸಿರು ಬಿಟ್ಟು, ಯಾವ ಅವಸರವೂ ಇಲ್ಲದೆ ಇನ್ನೂರು ಜನರ ಮೇಲೆ ಇಳಿಯಿತು. ಕಂಬಗಳು ಒಂದರ ಮೇಲೊಂದು ಒರಗಿ ನಿಂತದ್ದರಿಂದ ಯಾರಿಗೂ ಪೆಟ್ಟಾಗಲಿಲ್ಲ. ಕೆಂಪು ಹಳದಿ ಬೆಳಕಿನಲ್ಲಿ ಎಲ್ಲರ ತಲೆಗಳೂ ಬಟ್ಟೆಗೆ ತಾಗಿ ಉಬ್ಬಿಕೊಂಡವು. ಮೈಕು ಮಾತ್ರ ಕೆಲಸ ಮಾಡುತ್ತಿತ್ತು. "ಗಲಾಟೆ ಬೇಡ! ಎಲ್ಲರೂ ಕೂತಲ್ಲೇ ಕೂತಿರಿ! ಕೈ ಕಟ್ಟಿ!" ಎಂದು ಮೇಷ್ಟ್ರ ದನಿ ಬಟ್ಟೆಯೊಳಗಿನಿಂದ ಮೊಳಗಿತು. ಇನ್ನೂರು ಜನರೂ ಕೈ ಕಟ್ಟಿದರು. ಎದ್ದು ನಿಂತಿದ್ದ ಕಂಬಣ್ಣನೂ ಕೂತುಬಿಟ್ಟ.

ಬಟ್ಟೆಯ ಕೆಳಗೆ ಹೆಂಡತಿ ಗಂಡನನ್ನು ಚಿವುಟಿದಳು.

"ನೋಡ್ತಾ ಕೂತಿದ್ದೀರಲ್ಲ. ಏಳ್ರೀ!"

"ಎಲ್ಲಿಗೆ?"

"ಇನ್ನೆಲ್ಲಿಗೆ, ಹಗ್ಗ ಹಿಡೀರಿ!"

"ಹನ್ನೆರಡು ಗಂಟೆವರೆಗೂ ಮುಟ್ಟಲ್ಲ," ಎಂದ ಕಂಬಣ್ಣ. ಅವನ ಕೈ ಮೊಣಕಾಲಿನ ಮೇಲೆ ಗಟ್ಟಿಯಾಗಿ ಕೂತಿತ್ತು. "ಟೆಂಟ್ ಬಿದ್ರೆ ಎಬ್ಬಿಸಬಹುದು. ಇನ್ನೊಂದ್ಸಲ ನಿನ್ನ ಪಕ್ಕದಿಂದ ಎದ್ದು ಹೋಗಲ್ಲ ನಾನು."

ಹೆಂಡತಿ ಅವನ ಮುಖವನ್ನೇ ನೋಡಿದಳು. ಇಪ್ಪತ್ನಾಲ್ಕು ವರ್ಷದಲ್ಲಿ ಅವನು ಕೊಟ್ಟ ಮಾತುಗಳಲ್ಲಿ ಉಳಿದದ್ದು ಇದೊಂದೇ. ಅವಳು ಎದ್ದಳು. ತೋಳೇರಿಸಿ, ಬಟ್ಟೆಯೊಳಗೇ ನಾಲ್ಕು ಹೆಜ್ಜೆ ನಡೆದು, ಒರಗಿದ್ದ ನಡುಗಂಬವನ್ನು ಹೆಗಲಿನಿಂದ ಎತ್ತಿ ನಿಲ್ಲಿಸಿದಳು.

"ಲೋ ಆಮೇಲೆ!" ಎಂದು ಅವಳು ಕೂಗಿದ್ದು ಬೇಲಿಯಾಚೆ ಕಾಡಿಗೂ ಕೇಳಿಸಿತು. "ಬಲಗಡೆ ಗೂಟ ಹಿಡಿ! ಲಾಡಿ ಗಂಟು ಹಾಕಿದ್ರೆ ಕೈ ಮುರೀತೀನಿ! ಎರಡು ಸುತ್ತು, ಒಂದು ಕುಣಿಕೆ, ಎಳಿ!"

"ಎಳೆದೆ ಅಕ್ಕಾ! ಅಯ್ಯೋ, ಎಳೆದೆ ಮೇಡಂ!"

"ಅಕ್ಕ ಅಂತಲೇ ಅನ್ನೋ, ದಂಡಪಿಂಡ! ಎಡಗಡೆ ಬಿಗಿ!"

ಬಟ್ಟೆ ಮೇಲೇರಿತು. ಬೆಳಕು ಬಂತು. ಕೈ ಕಟ್ಟಿ ಕೂತಿದ್ದ ಇನ್ನೂರು ಜನ ಕಂಡದ್ದು, ಸಭೆಯ ನಟ್ಟನಡುವೆ ಕಂಬ ಹಿಡಿದು ನಿಂತ ಉದ್ಯಮಿಯ ಹೆಂಡತಿಯನ್ನು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಅಮ್ಮಾ, ಯಾರು ನೀವು?"

ಎರಡು ದಿನ ಜೋಪಾನ ಮಾಡಿದ ಗುಟ್ಟು. ಅವಳು ಒಂದು ಕ್ಷಣವೂ ಯೋಚಿಸಲಿಲ್ಲ.

"ಶಾಮಿಯಾನದವಳು," ಅಂದಳು. "ಈ ಬಟ್ಟೆ ನಮ್ದು. ಇವರು ಶಾಮಿಯಾನ ಹಾಕೋರು. ಐನೂರು ಅಂದಿದ್ದು ರೂಮಲ್ಲ ಮೇಷ್ಟ್ರೇ, ಕುರ್ಚಿ. ಬಯಲು ಕಂಡ್ರೆ ಇವರಿಗೆ ಲೆಕ್ಕ ಹಾಕೋ ಚಟ."

"ಮತ್ತೆ ಆ ಮರ?"

"ಮರ ಇದ್ರೆ ನೂರು ಕುರ್ಚಿ ಕಮ್ಮಿ ಹಾಕ್ತೀವಿ. ಮರ ಕಡಿಯೋರಲ್ಲ ನಾವು."

ಹಿಂದಿನ ಸಾಲಿನಲ್ಲಿ ರೇಂಜರು ನೋಟ್‌ಬುಕ್ ತೆಗೆದು, ರಾತ್ರೋರಾತ್ರಿ ಎಬ್ಬಿಸಿ ಗುಂಡಿ ಮುಚ್ಚುವ ವಿಷಯ ಬರೆದುಕೊಂಡಿದ್ದ ಹಾಳೆಯನ್ನು ಸದ್ದಾಗದಂತೆ ಹರಿದರು. ಮೊದಲು ನಕ್ಕದ್ದು ಮೇಷ್ಟ್ರ ಹೆಂಡತಿ. ಆಮೇಲೆ ಮೀನಿನವರು, ಕಂಡಕ್ಟರು, ಕೂರು ಎಂದು ಯಾರೂ ಹೇಳದ್ದರಿಂದ ಇನ್ನೂ ನಿಂತೇ ಇದ್ದ ಲಾರಿ ಮಾಲೀಕ. ನಗು ಚಪ್ಪಾಳೆಯಾಯಿತು. ಅವಳು ಕಂಬ ಹಿಡಿದುಕೊಂಡೇ ಸುತ್ತ ನೋಡಿದಳು. ಎಷ್ಟು ವೇದಿಕೆಗಳಿಗೆ ಬಿದ್ದ ಚಪ್ಪಾಳೆಯನ್ನು ಅವಳು ಬಟ್ಟೆಯ ಹಿಂದೆ ನಿಂತು ಕೇಳಿದ್ದಳು! ಇದು ತನಗೆ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

ಮೇಷ್ಟ್ರ ಪರಿಸ್ಥಿತಿ ಮಾತ್ರ ಕಷ್ಟದ್ದು. ಸಭೆ ಇದೆ, ಮೈಕ್ ಇದೆ, ಜನ ಇದ್ದಾರೆ, ಅಪರಾಧಿ ಇಲ್ಲ. ವೇದಿಕೆಯಿಂದ ಇಳಿದು ಬಂದು, ತಪ್ಪು ಉತ್ತರ ಬರೆದ ವಿದ್ಯಾರ್ಥಿಯ ಹಾಗೆ ತಲೆ ತಗ್ಗಿಸಿ, ಕೈ ಮುಗಿದರು.

"ತಪ್ಪಾಯ್ತು ತಾಯಿ. ದಯವಿಟ್ಟು ಕೂತ್ಕೊಳ್ಳಿ."

"ಕೂತ್ಕೋತೀನಿ ಮೇಷ್ಟ್ರೇ," ಅಂದಳು ಅವಳು. "ಅದಕ್ಕೆ ಯಾರು ಕರೀಬೇಕು? ಕುರ್ಚಿ ನಮ್ದೇ."

ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಬೆರಗಾದವಳಂತೆ ಒಂದು ಕ್ಷಣ ನಿಂತಳು. ಆಮೇಲೆ ಗಂಡನ ಕಡೆ ತಿರುಗಿದಳು. ಅವನು ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡು, ಎಡಮೂಲೆಯ ಸಡಿಲ ಹಗ್ಗವನ್ನೇ ನೋಡುತ್ತ ಕೂತಿದ್ದ.

"ಹೋಗ್ರೀ," ಅಂದಳು. "ಕಂಬ ಹಿಡೀರಿ, ನಂಗೆ ಕೈ ಸೋತಿದೆ."

"ಇನ್ನೂ ಹನ್ನೊಂದೂವರೆ. ಅಕ್ಕನ ಮನೆ..."

"ಅಕ್ಕನ್ನೇ ಕರೆಸ್ತೀನಿ. ಏಳಿ."

ಕಂಬಣ್ಣ ಎದ್ದ ವೇಗಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. ಅವನು ಕಂಬವನ್ನು ಹೆಗಲಿಗೆ ತೆಗೆದುಕೊಂಡ, ಎರಡು ದಿನದ ಮೇಲೆ ಮೊದಲ ಸಲ ಅವನಿಗೆ ಸರಿಯಾಗಿ ಉಸಿರಾಡಿದಂತಾಯಿತು. ಹೆಂಡತಿ ಬಿದ್ದ ಕುರ್ಚಿಯನ್ನು ಎತ್ತಿ, ಧೂಳು ಒರೆಸಿ, ಮೊದಲನೆಯ ಸಾಲಿನ ನಡುಮಧ್ಯಕ್ಕೆ ಎಳೆದು, ಎಲ್ಲರಿಗೂ ಕಾಣುವ ಹಾಗೆ ಕೂತಳು.

"ಹೂಂ ಮೇಷ್ಟ್ರೇ," ಅಂದಳು, "ಆ ಹಕ್ಕಿ ವಿಷಯ ಏನೋ ಹೇಳ್ತಿದ್ರಲ್ಲ, ಮುಂದುವರಿಸಿ."